ಕೊರತೆಗಿಂತ ಗುಟ್ಟು ದುಬಾರಿ

ಕಷ್ಟಕಾಲ ಬಂದರೆ ಮನುಷ್ಯ ನೀತಿ ಬಿಡುತ್ತಾನೆ ಎಂಬ ಮಾತಿಗೆ ನಾವು ಸಾಮಾನ್ಯವಾಗಿ ಕೊಡುವ ಅರ್ಥ ಸರಳ: ದುಡ್ಡಿರಲಿಲ್ಲ, ಅದಕ್ಕೇ ಕೈ ಹಾಕಿದ. ಹಣದ ಅಪರಾಧಗಳನ್ನು ಕೂತು ವಿಚಾರಿಸಿದವರಿಗೆ ಕಂಡದ್ದು ಬೇರೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಜೈಲುಗಳಿಗೆ ಹೋಗಿ, ತಮ್ಮನ್ನು ನಂಬಿ ಒಪ್ಪಿಸಿದ ಹಣವನ್ನು ಬಳಸಿಕೊಂಡು ಸಿಕ್ಕಿಬಿದ್ದವರನ್ನು ಮಾತಾಡಿಸಿ, 1953ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಮೂರು ಸಂಗತಿಗಳು ಒಟ್ಟಿಗೆ ಸೇರಿದಾಗ ನಂಬಿಕೆ ಮುರಿಯುತ್ತದೆ ಎಂಬುದು ಅದರ ಸಾರ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ತೊಂದರೆ ಒಂದು, ಗೊತ್ತಾಗದಂತೆ ತೆಗೆಯಲು ದಾರಿ ಇನ್ನೊಂದು, ತನ್ನ ಮನಸ್ಸಿಗೆ ತಾನೇ ಕೊಟ್ಟುಕೊಳ್ಳುವ ಸಮಜಾಯಿಷಿ ಮೂರನೆಯದು.

ಮೊದಲನೆಯದನ್ನು ಇನ್ನೊಮ್ಮೆ ಓದಿ. ಅದರ ಭಾರವೆಲ್ಲ ಇರುವುದು 'ತೊಂದರೆ' ಎಂಬ ಪದದ ಮೇಲಲ್ಲ, 'ಹೇಳಿಕೊಳ್ಳಲಾಗದ' ಎಂಬುದರ ಮೇಲೆ. ಅಷ್ಟೇ ಸಾಲ, ಅಷ್ಟೇ ನಷ್ಟ ಇರುವ ಇಬ್ಬರಲ್ಲಿ ಒಬ್ಬರು ಮನೆಯವರಿಗೆ ಹೇಳಿ, ಬ್ಯಾಂಕಿಗೆ ಹೇಳಿ, ಖರ್ಚು ಇಳಿಸಿ ಹೇಗೋ ದಾಟುತ್ತಾರೆ. ಇನ್ನೊಬ್ಬರು ಯಾರಿಗೂ ಹೇಳದೆ, ಮೊದಲಿನಂತೆಯೇ ಕಾಣಿಸಿಕೊಳ್ಳಬೇಕೆಂದು ಹೊರಟು, ಕಾಣಿಸಿಕೊಳ್ಳುವ ಖರ್ಚಿಗೇ ಇನ್ನೊಬ್ಬರ ದುಡ್ಡು ಮುಟ್ಟುತ್ತಾರೆ. ಹೊರದೇಶದಲ್ಲಿರುವ ನಮ್ಮಂಥವರಿಗೆ ಇದು ಇನ್ನೂ ಬಿಗಿ. ಇಲ್ಲಿಯವರಿಗೂ ಹೇಳುವಂತಿಲ್ಲ, ಊರಿನವರಿಗೂ ಹೇಳುವಂತಿಲ್ಲ. ಎರಡು ಕಡೆಯ ಮರ್ಯಾದೆ ಒಬ್ಬರ ತಲೆಯ ಮೇಲೆ.

ಹಣದ ಆಮಿಷ ಹೆಚ್ಚಿದಷ್ಟೂ ಜನ ಅಪ್ರಾಮಾಣಿಕರಾಗುತ್ತಾರೆ ಎಂಬ ಮಾತೂ ಅಷ್ಟು ಸರಳವಲ್ಲ ಎನ್ನಲು ಒಂದು ಆಧಾರವಿದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು 'ರಸ್ತೆಯಲ್ಲಿ ಬಿದ್ದಿತ್ತು' ಎಂದು ಹೇಳಿ ಬ್ಯಾಂಕು, ಹೋಟೆಲು, ಅಂಚೆ ಕಚೇರಿ ಮುಂತಾದವುಗಳ ಕೌಂಟರಿನಲ್ಲಿ ಕೊಟ್ಟರು. ಹಣವಿಲ್ಲದ ಪರ್ಸಿನ ಒಡೆಯರನ್ನು ಹುಡುಕಿ ತಿಳಿಸಿದವರು ಶೇ. 40ರಷ್ಟು, ಹಣವಿದ್ದ ಪರ್ಸಿನ ವಿಷಯದಲ್ಲಿ ಶೇ. 51ರಷ್ಟು. ಮೂರು ದೇಶಗಳಲ್ಲಿ ಪರ್ಸಿನ ಹಣವನ್ನು ಇನ್ನಷ್ಟು ಹೆಚ್ಚಿಸಿದಾಗ ಅದು ಶೇ. 72ಕ್ಕೆ ಏರಿತು. ಅರ್ಥಶಾಸ್ತ್ರಜ್ಞರೂ ಈ ಫಲಿತಾಂಶವನ್ನು ಊಹಿಸಿರಲಿಲ್ಲ. ಪರ್ಸು ದಪ್ಪವಾದಷ್ಟೂ 'ನಾನು ಕಳ್ಳ' ಎಂದು ಒಪ್ಪಿಕೊಳ್ಳುವುದು ಕಷ್ಟವಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಹಾಗಾದರೆ ಜಾರುವವರು ಜಾರುವುದು ಹೇಗೆ? ಕೆಲಸದ ಹೆಸರು ಬದಲಿಸಿ. ಕ್ರೆಸ್ಸಿ ಮಾತಾಡಿಸಿದವರಲ್ಲಿ ಎಷ್ಟೋ ಮಂದಿ ತಾವು ಕದಿಯುತ್ತಿದ್ದೇವೆ ಎಂದುಕೊಂಡಿರಲೇ ಇಲ್ಲ, ಸಾಲ ತೆಗೆದುಕೊಂಡಿದ್ದೇವೆ ಎಂದುಕೊಂಡಿದ್ದರು. ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತೇ ಇವೆ: 'ಸ್ವಲ್ಪ ಅಡ್ಜಸ್ಟ್‌ಮೆಂಟ್', 'ಎಲ್ಲರೂ ಮಾಡೋದೇ', 'ಕಂಪನಿಗೇನು ನಷ್ಟ', 'ಮುಂದಿನ ತಿಂಗಳು ಸರಿ ಮಾಡ್ತೀನಿ'. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದನ್ನು ಹೇಳುವವರಿಗೆ ನಿಜವಾಗಿಯೂ ಸರಿ ಮಾಡುವ ಮನಸ್ಸಿರುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಬರೆದ ಪತ್ರದ ಪ್ರಕಾರ, ಲೆಕ್ಕದ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಹಣವೆಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಅದು ಒಂದೇ ದಿನದಲ್ಲಿ ಆದದ್ದಲ್ಲ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಸಣ್ಣ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು ಎಂದು ಅದೇ ಪತ್ರ ಹೇಳುತ್ತದೆ. ಮನೆಯ ಲೆಕ್ಕದಲ್ಲೂ ಆಗುವುದು ಇದೇ, ಸೊನ್ನೆಗಳು ಕಡಿಮೆ ಅಷ್ಟೆ. ಈ ತಿಂಗಳು ಮುಚ್ಚಿದ 10ನ್ನು ಮುಂದಿನ ತಿಂಗಳು ತೀರಿಸಬೇಕಾದರೆ ಆ ತಿಂಗಳ ಕೊರತೆಯೂ ಸೇರಿ 20 ಹುಟ್ಟಿಸಬೇಕು. ಆದಾಯ ಮಾತ್ರ ಹಾಗೇ ಇರುತ್ತದೆ.

ಆದ್ದರಿಂದ ಕಷ್ಟಕಾಲದಲ್ಲಿ ನೀತಿ ಉಳಿಸಿಕೊಳ್ಳುವ ಕೆಲಸ ಶುರುವಾಗುವುದು ಉಪದೇಶದಿಂದಲ್ಲ, ಒಂದು ಕಾಗದದಿಂದ.

ಅದರ ಮೇಲೆ ಎರಡೇ ಸಂಖ್ಯೆ ಬರೆಯಿರಿ. ಮೊದಲನೆಯದು, ಒಂದು ವಾರದೊಳಗೆ ಕೈಗೆ ಬರುವ ಹಣ. ನಿವೃತ್ತಿ ನಿಧಿ, ಮನೆಯ ಬೆಲೆ, ಯಾರೋ ಕೊಡಬೇಕಾದ ಬಾಕಿ ಇದರಲ್ಲಿ ಸೇರುವುದಿಲ್ಲ. ಕ್ರೆಡಿಟ್ ಕಾರ್ಡಿನ ಮಿತಿಯಂತೂ ಸೇರಲೇಬಾರದು. ಅದನ್ನು 'ಇರುವ ಹಣ' ಎಂದು ಎಣಿಸುವುದು ತುಂಬ ಜನ ಮಾಡುವ ತಪ್ಪು. ಎರಡನೆಯದು, ಇಲ್ಲದಿದ್ದರೆ ನಡೆಯದ ತಿಂಗಳ ಖರ್ಚು: ವಸತಿ, ಆಹಾರ, ಔಷಧಿ, ವಿದ್ಯುತ್ತು, ಕೆಲಸಕ್ಕೆ ಹೋಗುವ ಸಾರಿಗೆ, ವಿಮೆ, ಸಾಲದ ಕನಿಷ್ಠ ಕಂತು. ಇದನ್ನು ಅಂದಾಜಿನಲ್ಲಿ ಬರೆಯಬೇಡಿ, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆಯಿರಿ. ನೆನಪಿನಿಂದ ಬರೆದ ಖರ್ಚು ಯಾವಾಗಲೂ ಕಡಿಮೆಯೇ ಇರುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ, ತೆರಿಗೆ, ಶಾಲಾ ಶುಲ್ಕವನ್ನು 12ರಿಂದ ಭಾಗಿಸಿ ಸೇರಿಸುವುದನ್ನು ಮರೆಯಬಾರದು.

ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ನಿಮ್ಮ ಹತ್ತಿರ ಎಷ್ಟು ತಿಂಗಳಿದೆ ಎಂದು ಸಿಗುತ್ತದೆ. ಕೈಯಲ್ಲಿ 18, ತಿಂಗಳಿಗೆ 4 ಬೇಕೆಂದರೆ ನಾಲ್ಕೂವರೆ ತಿಂಗಳು. ಈಗ ಮೂರು ತಿಂಗಳಿಗೆ ಒಂದು ಗೆರೆ ಎಳೆಯಿರಿ. ಉಳಿದ ಅವಧಿ ಆ ಗೆರೆಗೆ ಇಳಿದ ದಿನ ವಿಷಯ ಮನೆಯ ಹೊರಗಿನ ಒಬ್ಬರಿಗೆ ತಿಳಿದಿರಬೇಕು, ಸಾಲ ಕೊಟ್ಟವರಿಗೂ ಫೋನ್ ಹೋಗಿರಬೇಕು. ಮನೆಯೊಳಗಿನವರಿಗೆ ಈ ಗೆರೆ ಅನ್ವಯಿಸುವುದಿಲ್ಲ. ಅವರಿಗೆ ತಿಳಿಯಬೇಕಾದದ್ದು ಮೊದಲ ದಿನವೇ. ಕೆಲಸ ಹೋದುದನ್ನು ಹೆಂಡತಿಗೋ ಗಂಡನಿಗೋ ಹೇಳದೆ ಬೆಳಿಗ್ಗೆ ಬ್ಯಾಗು ಹಿಡಿದು ಹೊರಡುವವರು ಇದ್ದಾರೆ. ಹಾಗೆ ಹೊರಟ ಪ್ರತಿ ದಿನವೂ ಮನೆಯ ಖರ್ಚು ಹಳೆಯ ಸಂಬಳದ ಲೆಕ್ಕದಲ್ಲೇ ನಡೆಯುತ್ತಿರುತ್ತದೆ.

ಗೆರೆ ಮೂರು ತಿಂಗಳಲ್ಲೇ ಏಕೆ? ಕಂತು ತಪ್ಪುವ ಮುನ್ನ ಮಾತಾಡುವವರ ಕೈಯಲ್ಲಿ ಆಯ್ಕೆಗಳಿರುತ್ತವೆ: ಅವಧಿ ಹಿಗ್ಗಿಸುವುದು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವುದು, ಕಂತನ್ನು ಮುಂದಕ್ಕೆ ಹಾಕುವುದು. ಕಂತು ತಪ್ಪಿದ ಮೇಲೆ ಕಡತ ವಸೂಲಿ ವಿಭಾಗಕ್ಕೆ ಹೋಗುತ್ತದೆ, ಅಲ್ಲಿ ಕೂತವರ ಕೆಲಸವೇ ಬೇರೆ. ಫೋನ್ ಮಾಡುವಾಗ ಕಷ್ಟದ ಕತೆ ಹೇಳುವ ಅಗತ್ಯವಿಲ್ಲ. ಆದಾಯ ಯಾವ ತಾರೀಖಿನಿಂದ ನಿಂತಿದೆ, ಈಗ ಎಷ್ಟು ಕಟ್ಟಬಲ್ಲೆ, ಎಷ್ಟು ತಿಂಗಳು, ಮತ್ತೆ ಯಾವಾಗ ಪರಿಸ್ಥಿತಿ ತಿಳಿಸುತ್ತೇನೆ, ಇಷ್ಟು ಸಾಕು. ಒಪ್ಪಿದ್ದನ್ನು ಬರಹದಲ್ಲಿ ಕಳಿಸಲು ಕೇಳಿ. ಕಂತು ಮುಂದಕ್ಕೆ ಹೋದ ಅವಧಿಯಲ್ಲಿ ಬಡ್ಡಿ ಬೆಳೆಯುತ್ತದೆಯೇ ಎಂಬುದನ್ನೂ ಕೇಳಿ, ಸಾಮಾನ್ಯವಾಗಿ ಬೆಳೆಯುತ್ತದೆ. ಕಟ್ಟಲಾಗುವುದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಸಂಕೋಚಕ್ಕೆ ಬಿದ್ದು 100 ಎಂದು ಒಪ್ಪಿ ಎರಡನೇ ತಿಂಗಳೇ ತಪ್ಪಿದವರಿಗಿಂತ 60 ಎಂದು ಹೇಳಿ ಆರು ತಿಂಗಳು ಕಟ್ಟಿದವರ ಮಾತಿಗೆ ಮುಂದೆ ಬೆಲೆ ಹೆಚ್ಚು.

ತಿಂಗಳುಗಳ ಲೆಕ್ಕ ಇಟ್ಟುಕೊಂಡರೆ ಇನ್ನೊಂದು ಲಾಭವಿದೆ. ಕೊನೆಯ ಗಳಿಗೆಯ ಧಾವಂತ ತಪ್ಪುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಮನೋವಿಜ್ಞಾನಿಗಳು ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ 1973ರಲ್ಲಿ ಪ್ರಕಟಿಸಿದರು. ಭಾಷಣ ಮಾಡಲು ಇನ್ನೊಂದು ಕಟ್ಟಡಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ನರಳುತ್ತಿರುತ್ತಾನೆ. ಅವಸರವಿಲ್ಲದವರಲ್ಲಿ ಶೇ. 63 ಮಂದಿ ನೆರವಾದರು, ತಡವಾಯಿತೆಂದು ಅವಸರಪಡಿಸಿದ್ದವರಲ್ಲಿ ಶೇ. 10 ಮಾತ್ರ. ಅವರಲ್ಲಿ ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಕತೆಯಾಗಿತ್ತು! ಓದಿದ ನೀತಿ ಎಷ್ಟೇ ಇರಲಿ, ಗಡಿಯಾರದ ಮುಂದೆ ಸೋಲುತ್ತದೆ. ಹಾಗಾಗಿ ಹಣದ ಬಿಕ್ಕಟ್ಟಿನಲ್ಲಿರುವವರು ತಮಗೆ ತಾವೇ ಒಂದು ನಿಯಮ ಹಾಕಿಕೊಳ್ಳುವುದು ಒಳ್ಳೆಯದು: ಸಹಿ ಬೇಕಾದ ಯಾವುದನ್ನೂ ಒಂದು ರಾತ್ರಿ ಕಳೆಯದೆ ಸಹಿ ಮಾಡುವುದಿಲ್ಲ, ಇವತ್ತೇ ಆಗಬೇಕು ಎನ್ನುವವರಿಗೆ ಇವತ್ತು ಉತ್ತರ ಕೊಡುವುದಿಲ್ಲ.

ಕೆಲಸ ಹುಡುಕುವವರ ವಿಷಯಕ್ಕೆ ಬರೋಣ. ಈ ಕಾಲದಲ್ಲಿ ಹೆಚ್ಚು ಜಾರುವುದು ರೆಸ್ಯೂಮೆಯಲ್ಲಿ. ಏಳು ತಿಂಗಳ ಖಾಲಿಯನ್ನು ಮುಚ್ಚಲು ಹಳೆಯ ಕೆಲಸದ ಕೊನೆಯ ತಾರೀಖನ್ನು ಎಳೆಯುವುದು, ಇಲ್ಲದ 'ಕನ್ಸಲ್ಟಿಂಗ್' ಹುಟ್ಟಿಸುವುದು, ಅನುಭವ ಪತ್ರ ಕೊಳ್ಳುವುದು, ಸಂದರ್ಶನಕ್ಕೆ ಬೇರೆಯವರನ್ನು ಕೂರಿಸುವುದು. ಕೊನೆಯೆರಡು ನೇರ ವಂಚನೆ, ಚರ್ಚೆ ಬೇಡ. ಮೊದಲೆರಡನ್ನು ಒಳ್ಳೆಯವರೂ ಮಾಡುತ್ತಾರೆ, ಆದ್ದರಿಂದ ಒಂದು ಮಾತು. ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ಹೋಲಿಸುವುದೇ ಸೇರಿದ ತಿಂಗಳು, ಬಿಟ್ಟ ತಿಂಗಳು, ಹುದ್ದೆಯ ಹೆಸರು. ಹಳೆಯ ಕಂಪನಿಗಳು ಬೇರೇನೂ ಹೇಳದಿದ್ದರೂ ಈ ಮೂರನ್ನು ಖಚಿತಪಡಿಸುತ್ತವೆ. ಅಂದರೆ ಜನ ಸುಳ್ಳು ಹೇಳಲು ಆರಿಸಿಕೊಳ್ಳುವ ಜಾಗವೇ ಸುಲಭವಾಗಿ ಸಿಕ್ಕಿಬೀಳುವ ಜಾಗ. 'ಸಿಬ್ಬಂದಿ ಕಡಿತದಲ್ಲಿ ಕೆಲಸ ಹೋಯಿತು, ಆ ಬಳಿಕ ಹುಡುಕಾಟ ಮತ್ತು ಈ ಕೋರ್ಸು' ಎಂದು ಒಂದು ಸಾಲು ಬರೆದರೆ ಸಾಕು. ಸಂದರ್ಶನದಲ್ಲಿ ಅದೇ ಮಾತನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ವಿವರಣೆ ಉದ್ದವಾದಷ್ಟು ಎದುರಿಗಿರುವವರಿಗೆ ಅನುಮಾನ ಹೆಚ್ಚು.

ಶಿಫಾರಸು ಕೊಡುವವರಿಗೂ ಇದು ಪರೀಕ್ಷೆಯ ಕಾಲ. ಗೊತ್ತಿರುವವರು ಕೇಳಿದಾಗ 'ಇಲ್ಲ' ಎನ್ನಲು ನಮ್ಮಲ್ಲಿ ಬಾಯಿ ಬರುವುದಿಲ್ಲ. ಇಲ್ಲ ಎನ್ನಲೂ ಬೇಕಿಲ್ಲ, ಇರುವುದನ್ನಷ್ಟೇ ಬರೆದರೆ ಆಯಿತು: 'ಇವರು ನನಗೆ ಆರು ವರ್ಷದಿಂದ ಪರಿಚಯ. ಜೊತೆಗೆ ಕೆಲಸ ಮಾಡಿಲ್ಲ. ಹೊಣೆ ಒಪ್ಪಿಸಿದ್ದನ್ನು ಮುಗಿಸುವುದನ್ನು ಕಂಡಿದ್ದೇನೆ.' ಜೊತೆಗೆ ದುಡಿದವರ ಹಾಗೆ ನಟಿಸಿ ಬರೆದ ಎರಡು ಪುಟಕ್ಕಿಂತ ಈ ಮೂರು ಸಾಲು ಗಟ್ಟಿ. ಮುಂದಿನ ಸಲ ನೀವು ಇನ್ನೊಬ್ಬರಿಗೆ ಬರೆದಾಗಲೂ ಆ ಬರಹಕ್ಕೆ ತೂಕ ಉಳಿದಿರುತ್ತದೆ.

ತೆರಿಗೆ ಕಟ್ಟಲು ಹಣವಿಲ್ಲದಿದ್ದರೂ ರಿಟರ್ನ್ಸ್ ಮಾತ್ರ ಗಡುವಿನೊಳಗೆ ಸಲ್ಲಿಸಿ. ಅನೇಕ ದೇಶಗಳಲ್ಲಿ ಸಲ್ಲಿಸದಿರುವುದಕ್ಕೆ ದಂಡ ಬೇರೆ, ಕಟ್ಟದಿರುವುದಕ್ಕೆ ಬಡ್ಡಿ ಬೇರೆ. ಸಲ್ಲಿಸಿದವರಿಗೆ ಕಂತುಗಳ ವ್ಯವಸ್ಥೆ ಕೇಳಲು ದಾರಿ ಇರುತ್ತದೆ, ತಲೆ ಮರೆಸಿಕೊಂಡವರಿಗೆ ಇರುವುದಿಲ್ಲ. ನಿರುದ್ಯೋಗ ಭತ್ಯೆ ಪಡೆಯುವಾಗ ಸಣ್ಣಪುಟ್ಟ ಕೆಲಸ ಮಾಡುವುದು ಎಷ್ಟೋ ಕಡೆ ತಪ್ಪೇ ಅಲ್ಲ, ಗಳಿಸಿದ್ದನ್ನು ತಿಳಿಸದಿರುವುದು ತಪ್ಪು. ತಿಳಿಸಿದರೆ ಭತ್ಯೆಯಲ್ಲಿ ಒಂದು ಪಾಲು ಕಡಿತವಾಗಬಹುದು. ತಿಳಿಸದೆ ಸಿಕ್ಕಿಬಿದ್ದರೆ ಕೊಟ್ಟದ್ದನ್ನು ದಂಡದ ಸಮೇತ ವಾಪಸ್ ಕೇಳುತ್ತಾರೆ, ಅದೂ ವರ್ಷಗಳ ಬಳಿಕ, ಆ ಹಣ ಖರ್ಚಾಗಿ ಹೋದ ಮೇಲೆ.

ಸ್ನೇಹಿತರ ನಡುವಿನ ಕೈಸಾಲ ಮುರಿಯುವುದು ಹಣಕ್ಕಿಂತ ಹೆಚ್ಚಾಗಿ ಮೌನದಿಂದ. ಕೊಡುವವರು ವಾಪಸ್ ಬರದಿದ್ದರೂ ಮನೆ ನಡೆಯುವಷ್ಟನ್ನು ಮಾತ್ರ ಕೊಡಬೇಕು, ಎರಡೂ ಮನೆಯ ಗಂಡಹೆಂಡಿರಿಗೆ ವಿಷಯ ಗೊತ್ತಿರಬೇಕು. ಅರ್ಧ ಪುಟದಲ್ಲಿ ಮೊತ್ತ, ಕೊಟ್ಟ ತಾರೀಖು, ಮೊದಲ ಕಂತಿನ ತಾರೀಖು, ಕಂತು ಎಷ್ಟು, ತಪ್ಪಿದರೆ ಏನು ಎಂಬುದನ್ನು ಬರೆದು ಇಬ್ಬರೂ ಇಟ್ಟುಕೊಳ್ಳಿ. 'ನಮ್ಮನಮ್ಮಲ್ಲಿ ಕಾಗದ ಯಾಕೆ' ಎನ್ನುವವರಿಗೆ ಉತ್ತರ: ನೆನಪುಗಳು ಒಂದೇ ರೀತಿ ಇರುವುದಿಲ್ಲ. 'ವರ್ಷದ ಕೊನೆಗೆ ಪೂರ್ತಿ ಕೊಡ್ತೀನಿ' ಎಂಬ ಮಾತಿಗಿಂತ ಸಣ್ಣ ಕಂತು ಒಳ್ಳೆಯದು. 1,200ಕ್ಕೆ ತಿಂಗಳಿಗೆ 100 ಆಗದಿದ್ದರೆ 70 ಹಾಕಿ, 17 ತಿಂಗಳಲ್ಲಿ 1,190 ತೀರಿ 18ನೇ ತಿಂಗಳಿಗೆ 10 ಉಳಿಯುತ್ತದೆ. ಒಂದು ತಿಂಗಳು ಆಗದು ಎಂದು ಗೊತ್ತಾದರೆ ಕಂತಿನ ದಿನಕ್ಕಿಂತ ಮೊದಲೇ ಸಂದೇಶ ಕಳಿಸಿ. ಅದೇ ಸಂದೇಶ ಎರಡು ದಿನ ತಡವಾಗಿ ಹೋದರೆ ಅದು ಮಾಹಿತಿಯಲ್ಲ, ನೆಪ. ಸಾಲ ಕೊಟ್ಟವರನ್ನು ಕಂಡು ದಾರಿ ಬದಲಿಸುವುದು ಶುರುವಾಗುವುದೂ ಅಲ್ಲಿಂದಲೇ.

ಇನ್ನು ಸಂಘಗಳ ಖಜಾನೆ. ಸ್ವಲ್ಪ ಮುಜುಗರದ ವಿಷಯ, ಆದರೆ ಕ್ರೆಸ್ಸಿಯ ಮೂರು ಸಂಗತಿಗಳೂ ಸುಲಭವಾಗಿ ಕೂಡಿಬರುವ ಜಾಗ ಇದು. ಸ್ವಯಂಸೇವಕರು, ರಾತ್ರಿ ಹೊತ್ತು ಎಣಿಸುವ ನಗದು, 'ನಮ್ಮವರೇ' ಎಂಬ ನಂಬಿಕೆ. ಪ್ರಾಮಾಣಿಕತೆಯ ಪ್ರತಿಜ್ಞೆ ಬೋಧಿಸಿದರೆ ಸಾಲದೇ ಎಂದರೆ, ಒಂದು ಸ್ವಾರಸ್ಯ ಹೇಳಬೇಕು. ಅರ್ಜಿಯ ಕೊನೆಯ ಬದಲು ಮೇಲ್ಭಾಗದಲ್ಲೇ 'ನಿಜ ಹೇಳುತ್ತೇನೆ' ಎಂದು ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು ಸಾರಿದ 2012ರ ಹೆಸರುವಾಸಿ ಪ್ರಬಂಧವನ್ನು 2021ರಲ್ಲಿ ವಾಪಸ್ ಪಡೆಯಲಾಯಿತು. ಅದರಲ್ಲಿದ್ದ ಒಂದು ಪ್ರಯೋಗದ ಅಂಕಿ ಅಂಶಗಳೇ ಕಟ್ಟಿದ್ದು ಎಂದು ಬಯಲಾಗಿತ್ತು. ಪ್ರಾಮಾಣಿಕತೆಯ ಸಂಶೋಧನೆಗೇ ಈ ಗತಿ.

ಸಹಿಗಿಂತ ವ್ಯವಸ್ಥೆ ವಾಸಿ. ನಗದನ್ನು ಇಬ್ಬರು, ಒಂದೇ ಮನೆಯವರಲ್ಲದವರು, ಅದೇ ರಾತ್ರಿ ಎಣಿಸಿ ಚೀಟಿಗೆ ಸಹಿ ಹಾಕಬೇಕು. ರಸೀದಿಗಳಿಗೆ ಮೊದಲೇ ಕ್ರಮಸಂಖ್ಯೆ ಅಚ್ಚಾಗಿರಬೇಕು, ರದ್ದಾದ ರಸೀದಿಯೂ ಪುಸ್ತಕದಲ್ಲೇ ಉಳಿಯಬೇಕು. ಬ್ಯಾಂಕಿನ ಸ್ಟೇಟ್‌ಮೆಂಟ್ ಖಜಾಂಚಿಗೆ ಬಂದು ಆಮೇಲೆ ಬೇರೆಯವರಿಗೆ ಹೋಗುವುದಲ್ಲ, ಹಣ ಪಾವತಿ ಮಾಡದ ಇನ್ನೊಬ್ಬ ಪದಾಧಿಕಾರಿಗೆ ಬ್ಯಾಂಕಿನಿಂದ ನೇರವಾಗಿ ಹೋಗಬೇಕು. ಇದೊಂದನ್ನು ಮಾಡಿದರೂ ಅರ್ಧ ಕೆಲಸ ಆದಂತೆ. ಮತ್ತೊಂದನ್ನು ಎಲ್ಲ ಕಡೆ ಕಡೆಗಣಿಸುತ್ತಾರೆ: ಖಜಾಂಚಿ ತನ್ನ ಕೈಯಿಂದ ಹಾಕಿ ಆಮೇಲೆ ತೆಗೆದುಕೊಳ್ಳುವ ಪದ್ಧತಿ. ಉದಾರತೆಯಂತೆ ಕಂಡರೂ ಅದು ತನ್ನ ಹಣ ಮತ್ತು ಸಂಘದ ಹಣದ ನಡುವಿನ ಗೋಡೆಯನ್ನು ಕೆಡವುತ್ತದೆ. ಇವತ್ತು ಸಂಘಕ್ಕೆ ತಾನು ಹಾಕಿದವರಿಗೆ ನಾಳೆ ಸಂಘದಿಂದ ತಾನು 'ಹಾಕಿಸಿಕೊಳ್ಳುವುದು' ಸಹಜವೆನ್ನಿಸುತ್ತದೆ. ಮುಂಗಡ ಬೇಕಿದ್ದರೆ ಸಂಘವೇ ಕೊಡಲಿ, ಬಿಲ್ಲು ತಂದವರಿಗೆ 15 ದಿನದೊಳಗೆ ಹಣ ಸಿಗಲಿ.

ಇದರ ಜೊತೆಗೆ, ಹಣ ನೋಡಿಕೊಳ್ಳುವ ಯಾರೇ ಆಗಲಿ ಕಾರಣ ಹೇಳದೆ ಹೊಣೆ ಇಳಿಸಬಹುದು, ಯಾರೂ ಕಾರಣ ಕೇಳುವುದಿಲ್ಲ ಎಂಬ ಒಂದು ಸಾಲು ನಿಯಮಾವಳಿಯಲ್ಲಿ ಇರಲಿ. ಮನೆಯಲ್ಲಿ ಕಂತು ತಪ್ಪುತ್ತಿರುವವರ ಕೈಯಲ್ಲಿ ಊರಿನ ಪೆಟ್ಟಿಗೆಯ ಬೀಗದ ಕೈ ಉಳಿಸುವುದು ಅವರಿಗೆ ನಾವು ಮಾಡುವ ಅನ್ಯಾಯ. ಲೆಕ್ಕಪತ್ರದ ಬಿಗಿ ಅವರ ಮೇಲಿನ ಅನುಮಾನವಲ್ಲ. ನಾಳೆ ಯಾರೋ ಪಿಸುಗುಟ್ಟಿದರೆ ಅವರ ಪರ ನಿಲ್ಲುವುದೂ ಅದೇ ಚೀಟಿ, ಅದೇ ಸಹಿ.

ಗಳಿಕೆಯ ಆಮಿಷಗಳ ಬಗ್ಗೆ ಚಿಕ್ಕದಾಗಿ. 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ ಎಂಬ ವಂಚಕ 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆಂದ. ಇಂದಿನವರು ಜಾಣರು, 'ತಿಂಗಳಿಗೆ ಮೂರೇ ಪರ್ಸೆಂಟ್' ಎನ್ನುತ್ತಾರೆ. ಅದು ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಶೇ. 42 ದಾಟುತ್ತದೆ. ತಲಾ ಆರು ಜನರನ್ನು ಸೇರಿಸುವ ಸರಪಳಿ 13ನೇ ಮೆಟ್ಟಿಲಿಗೆ 1,306 ಕೋಟಿ ಜನರನ್ನು ಕೇಳುತ್ತದೆ, ಭೂಮಿಯ ಮೇಲೆ ಅಷ್ಟು ಜನವೇ ಇಲ್ಲ. ಇಂಥವು ಹರಡುವುದು ಅಪರಿಚಿತರಿಂದಲ್ಲ, ಒಂದೇ ಭಾಷೆ, ಒಂದೇ ಗುಂಪಿನ ನಂಬಿಕೆಯ ಮೇಲೆ. ನಿಮ್ಮ ಹಣ ಹೋದರೆ ಅದು ನಷ್ಟ. ಕಮಿಷನ್ನಿಗಾಗಿ ನೀವು ಸೇರಿಸಿದವರ ಹಣ ಹೋದರೆ ಅದಕ್ಕೆ ಬೇರೆ ಹೆಸರಿದೆ.

ಕೊನೆಗೆ ಕೇಳಿಸಿಕೊಳ್ಳುವವರ ಪಾಲು. ಹೇಳಿಕೊಳ್ಳಿ ಎಂದು ಇಷ್ಟೆಲ್ಲ ಬರೆದ ಮೇಲೆ, ಹೇಳಿಕೊಂಡವರ ಗತಿ ಏನಾಗುತ್ತದೆ ಎಂಬುದು ನಮ್ಮ ಕೈಯಲ್ಲಿದೆ. ಯಾರಾದರೂ ನಿಮ್ಮ ಹತ್ತಿರ ಬಂದು ಬಾಯಿ ಬಿಟ್ಟರೆ 'ಅಯ್ಯೋ, ಹೇಗಾಯ್ತು?' ಎಂದು ಶುರು ಮಾಡಬೇಡಿ. ಆ ಪ್ರಶ್ನೆ ಅವರನ್ನು ಕಟಕಟೆಗೆ ಹತ್ತಿಸುತ್ತದೆ. ನಿಮ್ಮ ಮನೆಯವರಿಗೆ ಹೇಳಬಹುದೇ ಎಂದು ಅವರನ್ನೇ ಕೇಳಿ, ಬೇಡ ಎಂದರೆ ಬೇಡ. ಕೇಳಬೇಕಾದ್ದು ಮೂರೇ: ಎಷ್ಟು ತಿಂಗಳಿಗೆ ಇದೆ, ಹತ್ತಿರದ ಗಡುವು ಯಾವುದು, ಇನ್ನು ಯಾರಿಗೆ ಗೊತ್ತು. ಮೂರನೆಯದಕ್ಕೆ 'ಯಾರಿಗೂ ಇಲ್ಲ' ಎಂಬ ಉತ್ತರ ಬಂದರೆ ಹಣ ಕೊಡಲು ಅವಸರಪಡಬೇಡಿ. ಮೊದಲು ಫೋನ್ ಮಾಡಬೇಕಾದ ನಂಬರು ಯಾವುದೆಂದು ಇಬ್ಬರೂ ಕೂಡಿ ಹುಡುಕಿ, ಅವರು ಆ ನಂಬರು ಒತ್ತಿ ಮಾತಾಡಿ ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ.